ಅವರು ಮಸೆದಿಟ್ಟ ಕತ್ತಿ

ಅರವತ್ತರ ದಶಕದ ಕೊನೆಯ ಮಾತು. ಬೆಂಗಳೂರು ಸೀಮೆಯ ಮಧುರೆಯ ಹತ್ತಿರದ ನಮ್ಮೂರಿನಲ್ಲಿ ನಾವು ರೇಷ್ಮೆ ಸಾಕುತ್ತಿದ್ದೆವು. ಮರಿಹುಳುವಿಗೆ ಹಿಪ್ಪುನೇರಳೆ ಸೊಪ್ಪನ್ನು ತೀರಾ ಸಣ್ಣಗೆ ಹೆಚ್ಚಬೇಕು. ಕತ್ತಿ ಮೊಂಡಾದರೆ ಎಲೆ ಜಜ್ಜಿಹೋಗುತ್ತದೆ. ಜಜ್ಜಿದ್ದು ಬೇಗ ಬಾಡುತ್ತದೆ, ಹುಳು ಅದನ್ನು ಮೂಸುವುದೂ ಇಲ್ಲ.

ನಮ್ಮಲ್ಲಿ ಮೂರು ಕತ್ತಿಗಳಿದ್ದವು. ನಮ್ಮಣ್ಣ ಬೆಂಗಳೂರಿನಿಂದ ತಂದದ್ದು ಸ್ಟೀಲಿನದು. ತುಕ್ಕು ಹಿಡಿಯದು, ನೋಡಲು ಚೆಂದ, ಆದರೆ ಒಂದು ಬುಟ್ಟಿ ಸೊಪ್ಪಿಗೇ ಸುಸ್ತು. ಮೇಲೆ ಥಳಕು, ಒಳಗೆ ಹುಳುಕು ಎಂದು ತವರಿನ ಕತ್ತಿಯನ್ನು ನಾನೇ ಬೈಯುತ್ತಿದ್ದೆ. ಎರಡನೆಯದು ಕಬ್ಬಿಣ ಉಜ್ಜುವ ಹಳೆಯ ಅರದಿಂದ ಬಡಿಸಿದ್ದು, ಬಲು ಹರಿತ. ಕೈಜಾರಿ ಕಲ್ಲಿನ ಮೇಲೆ ಬಿದ್ದ ದಿನ ಅದರ ತುದಿ ಚೂರಾಗಿ ಹಾರಿತು. ಮೂರನೆಯದು ಲಾರಿಯ ಭಾರ ಹೊತ್ತು ಮುರಿದ ಕಮಾನು ಪಟ್ಟೆಯದು. ಸುಲಭಕ್ಕೆ ಬಗ್ಗದ ಆ ಪಟ್ಟೆಯನ್ನು ಊರಿನ ಆಚಾರಿ ಬೈದುಕೊಂಡೇ ಬಡಿದಿದ್ದ. ಮಸೆಯಲು ತೋಳು ಸೋಲುತ್ತಿತ್ತು. ಒಮ್ಮೆ ಮಸೆದರೆ ಮಾತ್ರ ಒಂದು ಬೆಳೆ ಮುಗಿದು ಹುಳು ಗೂಡು ಕಟ್ಟುವವರೆಗೂ ಹರಿತ ಹೋಗುತ್ತಿರಲಿಲ್ಲ.

ಅದನ್ನು ಮಸೆಯುವುದು ನನ್ನ ಗಂಡನ ಕೆಲಸ. ಮಸೆದು ನನ್ನ ಕೈಗೆ ಕೊಡದೆ ನೆಲದ ಮೇಲಿಡುತ್ತಿದ್ದರು.

"ಕೈಯಿಂದ ಕೈಗೆ ಕೊಟ್ರೆ ಜಗಳ ಬತ್ತದಂತೆ, ಎತ್ಕೊ."

"ಕೊಡ್ದಿದ್ರೂ ಬತ್ತದಲ್ಲ" ಎನ್ನುತ್ತಾ ನಾನು ಎತ್ತಿಕೊಳ್ಳುತ್ತಿದ್ದೆ.

ಒಂದು ಬೆಳೆಗೆ ಹಾಗೆ ಮಸೆದಿಟ್ಟವರು, ಅದೇ ಸಂಜೆ ಎದೆನೋವೆಂದು ಮಲಗಿ ಮತ್ತೆ ಏಳಲಿಲ್ಲ.

ತಿಥಿ ಕಳೆದ ಮೇಲೂ ಆ ಕತ್ತಿಯನ್ನು ನಾನು ಬಳಸಲಿಲ್ಲ. ಅವರ ಕೈ ಕೊಟ್ಟ ಹರಿತ ಅದು. ಒಂದೊಂದು ಎಲೆಗೂ ಸವೆದುಹೋಗುತ್ತದೆಂದು ಸಂಕಟವಾಗುತ್ತಿತ್ತು. ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟಕ್ಕೆ ಸೇರಿಸಿ, ಸ್ಟೀಲಿನದರಲ್ಲೇ ಗುದ್ದಾಡಿದೆ. ಮಳೆಗಾಲದ ಬೆಳೆಯಲ್ಲಿ ನಮ್ಮತ್ತೆ ತಡೆಯಲಾರದೆ ಅಂದರು:

"ಅವ್ನ ಕತ್ತಿ ತಗಿಯವ್ವ. ಹುಳ ಸೊಪ್ಪು ಮುಟ್ತಾ ಇಲ್ಲ."

ಬಟ್ಟೆ ಬಿಚ್ಚಿದೆ. ತೇವಕ್ಕೆ ಅಲಗನ್ನೆಲ್ಲ ತುಕ್ಕು ತಿಂದಿತ್ತು. ಈ ಜಾತಿಯ ಕಬ್ಬಿಣ ದಿನಾ ಬಳಸಿ ಒರೆಸಿಟ್ಟರಷ್ಟೇ ಉಳಿಯುವುದೆಂದು ಮಕ್ಕಳಿಗೂ ಗೊತ್ತು. ದುಃಖದಲ್ಲಿ ನನಗೆ ಅದು ಹೊಳೆಯಲೇ ಇಲ್ಲ. ಅದರಲ್ಲೇ ಸೊಪ್ಪನ್ನು ಹೆಚ್ಚಿದ್ದರೆ ಒಂದು ಬೆಳೆಯಾದರೂ ಅವರ ಹರಿತ ನನ್ನ ಕೈಯಲ್ಲಿರುತ್ತಿತ್ತು. ಜೋಪಾನ ಮಾಡಲು ಹೋಗಿ ಅಷ್ಟನ್ನೂ ಕಳೆದುಕೊಂಡೆ.

ಕಲ್ಲಿನ ಮುಂದೆ ಕುಳಿತು ಅಳುತ್ತಲೇ ಮಸೆದೆ. ಕೆಂಪು ನೀರು ಹರಿದು, ತೋಳು ಸೋತು, ಕೊನೆಗೆ ಹರಿತ ಬಂತು. ಅವರು ಇಡುತ್ತಿದ್ದ ಹಾಗೆಯೇ ಕತ್ತಿಯನ್ನು ನೆಲದ ಮೇಲಿಟ್ಟೆ. ಆಮೇಲೆ ನಾನೇ ಎತ್ತಿಕೊಂಡು ಸೊಪ್ಪು ಹೆಚ್ಚಲು ಕುಳಿತೆ.