ಎದುರು ಪಕ್ಷದ ಮಾತು

ಫಲೇಸಿಯ ಊರಿನಲ್ಲಿ ಮರಗಳೆಂದು ಉಳಿದಿರುವುದು ಮಸಣದ ತೋಪಿನಲ್ಲಿ ಮಾತ್ರ. ಸುತ್ತ ಮೆಕ್ಕೆಜೋಳ ಕೊಯ್ದ ಬೋಳು ಹೊಲಗಳು. ನಡುವೆ ಒತ್ತಾಗಿ, ಕಪ್ಪಗೆ ಆ ತೋಪು. ಅದನ್ನು ಹಾಯುವಾಗ ಗಂಡಸರು ಟೋಪಿ ತೆಗೆಯುತ್ತಾರೆ, ಹೆಂಗಸರು ಮಾತು ನಿಲ್ಲಿಸುತ್ತಾರೆ. ಗುಂಡಿ ತೋಡುವವರ ಹೊರತು ಯಾರೂ ಸುಮ್ಮಸುಮ್ಮನೆ ಒಳಗೆ ಹೋಗುವುದಿಲ್ಲ. ಒಣಗಿ ಬಿದ್ದ ಕೊಂಬೆಯೂ ಅಲ್ಲೇ ಮಣ್ಣಾಗುತ್ತದೆ. ಫಲೇಸಿಯ ಅಮ್ಮನೂ ಅಲ್ಲೇ ಇದ್ದಾಳೆ.

ಶಾಲೆಗೆ ಹುಡುಗಿಯರ ಹಾಸ್ಟೆಲ್ ಕಟ್ಟಬೇಕಿತ್ತು. ಇಟ್ಟಿಗೆ ಸುಡಲು ಸೌದೆ ಬೇಕು. ಸೌದೆ ಇರುವುದು ತೋಪಿನಲ್ಲಿ. ಚಿಪೇಟ ಮೇಷ್ಟ್ರು ಅದನ್ನೇ ಪ್ರಬಂಧಕ್ಕೆ ಕೊಟ್ಟರು: ತೋಪು ಕಡಿಯಬೇಕೇ, ಬೇಡವೇ, ವಾದಿಸಿ. ಚೆನ್ನಾಗಿ ಬರೆದದ್ದನ್ನು ಊರ ಯಜಮಾನರ ಮುಂದೆ ಓದಿಸುತ್ತೇನೆ ಎಂದರು.

ಕಡಿಯಬೇಕು ಎಂದೇ ಬರೆಯುವವಳಿದ್ದಳು ಫಲೇಸಿ. ಕಳೆದ ಮಳೆಗಾಲ ಶಾಲೆಯ ದಾರಿಯ ಹೊಳೆ ತುಂಬಿ, ಪರೀಕ್ಷೆ ತಪ್ಪಿ, ಅದೇ ತರಗತಿಯಲ್ಲಿ ಉಳಿದಿದ್ದಳು. ಇನ್ನೊಮ್ಮೆ ಹಾಗಾದರೆ ಶಾಲೆ ಬಿಡಿಸುತ್ತೇನೆಂದು ಸೋದರಮಾವ ಹೇಳಿಯಾಗಿತ್ತು.

ಆದರೆ ಮೊದಲ ಸಾಲೇ ಹೊರಡಲಿಲ್ಲ. "ಮೊದಲು ಎದುರು ಪಕ್ಷದವರ ಮಾತು ಕೇಳಿ, ಅದನ್ನ ನ್ಯಾಯವಾಗಿ ಬರೀರಿ. ಆಮೇಲೆ ನಿಮ್ದು," ಎಂದಿದ್ದರು ಮೇಷ್ಟ್ರು.

ಅಜ್ಜಿ ಅಂಗಳದಲ್ಲಿ ಜೋಳ ಬಿಡಿಸುತ್ತಿದ್ದಳು.

"ಗೋಗೊ, ತೋಪು ಕಡೀಬಾರ್ದು ಅಂತಾರಲ್ಲ, ಯಾಕೆ?"

"ನನ್ನನ್ನ್ಯಾಕೆ ಕೇಳ್ತೀಯ? ನಾನಿನ್ನೂ ಇಲ್ಲೇ ಇದೀನಲ್ಲ! ಅಲ್ಲಿರೋರನ್ನ ಕೇಳ್ಹೋಗು," ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

ಫಲೇಸಿ ಹೋದಳು. ನಡುಮಧ್ಯಾಹ್ನ ತೋಪಿನ ಅಂಚಿನಲ್ಲಿ ನಿಂತು ಗಟ್ಟಿಯಾಗಿ, "ನಿಮ್ಮ ಮಾತೇನು, ಹೇಳಿ," ಎಂದಳು. ಗಾಳಿ ಇರಲಿಲ್ಲ. ಹೊಲದಲ್ಲಿ ಗುಟುರು ಹಾಕುತ್ತಿದ್ದ ಬೆಳವದ ಹಕ್ಕಿಗಳು ಒಮ್ಮೆಲೇ ಸುಮ್ಮನಾದವು.

ವಿಷಯ ತಿಳಿದಾಗ ಅಜ್ಜಿಯ ನಗು ಆರಿಹೋಯಿತು. "ಬಾಯ್ಬಿಟ್ಟು ಕೇಳಿದ್ಯಾ? ತಮಾಷೆಗಂದ್ನಲ್ಲೇ, ಪೆದ್ದೀ! ಅಲ್ಲಿ ಕೇಳಿದೋರು ಉತ್ತರ ಬರೋವರೆಗೂ ಕಾಯ್ಬೇಕು."

"ನಾಳೇನೇ ಪ್ರಬಂಧ ಕೊಡ್ಬೇಕಲ್ಲ."

"ಅದನ್ನೂ ಅವರಿಗೇ ಹೇಳ್ಬಾರ್ದಿತ್ತಾ?"

ಸಂಜೆ ಉಂಡು ಕೈ ತೊಳೆದರು. ಇನ್ನೂ ಬೆಳಕಿತ್ತು. ಫಲೇಸಿ ಹೊಸ್ತಿಲಲ್ಲಿ ಹಾಳೆ ಹಿಡಿದು ಕೂತಳು. ಆಗ ಒನಕೆಯ ಸದ್ದು ಕೇಳಿಸಿತು. ಎರಡು ಪೆಟ್ಟು, ಒಂದು ಬಿಡುವು. ಮತ್ತೆ ಎರಡು ಪೆಟ್ಟು. ಭುಜ ನೋಯುತ್ತಿದ್ದ ಅಮ್ಮ ಹಾಗೆಯೇ ಕುಟ್ಟುತ್ತಿದ್ದಳು, ಪ್ರತಿ ಬೆಳಗ್ಗೆ, ಫಲೇಸಿ ಶಾಲೆಗೆ ಹೊರಡುವ ಮುಂಚೆ.

"ಯಾರ ಮನೇಲಿ ಗೋಗೊ?"

"ತೋಪಿನ ಕಡೆ ಮನೆ ಎಲ್ಲಿದೆ?" ಅಜ್ಜಿಯ ಕೈಯಲ್ಲಿ ತೆನೆ ಹಾಗೇ ನಿಂತಿತ್ತು. ಅವಳು ಪಿಸುಗುಟ್ಟಿದಳು: "ಬರಿ."

ಫಲೇಸಿ ಬರೆದಳು: "ತೋಪು ಇರಲಿ ಎನ್ನುವವರ ಕೆಲಸ ಅಲ್ಲಿ ಇನ್ನೂ ಮುಗಿದಿಲ್ಲ. ಅವರನ್ನು ಎಬ್ಬಿಸಿ ಎಲ್ಲಿಗೆ ಕಳಿಸುವುದು?"

ಅದರ ಕೆಳಗೆ "ಆದರೆ" ಎಂದು ಬರೆದಳು.

ಕುಟ್ಟುವುದು ನಿಂತಿತು. ಬಿಡುವಲ್ಲ, ನಿಂತೇ ಹೋಯಿತು. ಮುಂಚೆಯೂ ಫಲೇಸಿ ಏನಾದರೂ ಹೇಳಲು ಬಾಯಿ ತೆರೆದರೆ ಅಮ್ಮ ಕೇಳಲೆಂದು ಒನಕೆಯನ್ನು ಎತ್ತಿದಲ್ಲೇ ಹಿಡಿದು ನಿಲ್ಲುತ್ತಿದ್ದಳು.

ಅವಳು ಬರೆದಳು: "ಆದರೆ ನನಗೆ ಶಾಲೆಯ ಹತ್ತಿರ ಮಲಗಲು ಒಂದು ಜಾಗ ಬೇಕು, ಅಮ್ಮ."

ಕೊನೆಯ ಪದವನ್ನು ಹೊಡೆದುಹಾಕಬೇಕಿತ್ತು, ಮೇಷ್ಟ್ರು ಒಪ್ಪುವುದಿಲ್ಲ. ಕೈ ಬರಲಿಲ್ಲ. ತೋಪಿನಲ್ಲಿ ಇನ್ನೂ ಸದ್ದಿರಲಿಲ್ಲ. ಅಲ್ಲಿ ಯಾರೋ ಕಾಯುತ್ತಿರುವಾಗಲೇ ಮುಗಿಸಬೇಕೆಂದು ಫಲೇಸಿ ಮುಂದಿನ ಸಾಲಿಗೆ ಹೋದಳು.