ಶೇಖವ್ವನ ಅಂಗಡಿ ದಾಟದ ರೇಸ್ ಕಾರು

ಬೆಟಗೇರಿಯ ದಾದಾಪೀರನ ಗ್ಯಾರೇಜಿನ ಮೇಲೆ ಒಂದು ತಗಡಿನ ಬೋರ್ಡಿತ್ತು. ಅದರ ಮೇಲೆ ಅವನೇ ಕುಂಚ ಹಿಡಿದು ಬರೆದ ಎರಡು ಶಬ್ದ: ‘ಇಂಜನ್ ಹಕೀಮ’. ಈ ಪದವಿಯನ್ನು ಅವನಿಗೆ ಯಾವ ಶಾಲೆಯೂ ಕೊಟ್ಟಿರಲಿಲ್ಲ. ಸುತ್ತ ಹತ್ತೂರಿನ ಡೀಸೆಲ್ ಪಂಪ್‌ಸೆಟ್ಟುಗಳು ಕೊಟ್ಟಿದ್ದವು. ಕಳಸಾಪುರದ ಹೊಲದಲ್ಲಿ ಕೆಟ್ಟು ಕೂತ ಇಂಜನ್ನು ಅವನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ತಾನಾಗಿಯೇ ಕೆಮ್ಮಿ ಎದ್ದು ಕೂರುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಹೇಳದ ದಿನ ಅವನೇ ಹೇಳುತ್ತಿದ್ದ.

ಹನ್ನೆರಡನೆಯ ವಯಸ್ಸಿಗೆ ಗೌಡರ ಇಂಜನ್ನು ಬಿಚ್ಚಿ ಮತ್ತೆ ಜೋಡಿಸಿದ್ದೇ ಅವನ ವಿದ್ಯಾಭ್ಯಾಸ. ಜೋಡಿಸಿದ ಮೇಲೆ ಎರಡು ನಟ್ಟು ಕೈಯಲ್ಲಿ ಉಳಿದವು, ಆದರೂ ಇಂಜನ್ನು ಓಡಿತು. ‘ಆ ಎರಡು ಕಂಪನಿಯವ್ರು ಸುಮ್ನ ಹೆಚ್ಚಿಗಿ ಹಾಕಿದ್ರು’ ಎಂದು ಐವತ್ತೆಂಟರ ವಯಸ್ಸಿನಲ್ಲೂ ಅವನು ಆಣೆ ಮಾಡಿ ಹೇಳುತ್ತಿದ್ದ.

ಇಂಥವನ ಕೈಗೆ ರೇಸ್ ಕಾರು ಬಂದದ್ದು ಒಂದು ಸೋಮವಾರ.

ಕಾರಿನ ಒಡೆಯ ಭೀಮೇಶ, ಅಲ್ಲೇ ಪಕ್ಕದ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯವನು. ಮೀಸೆ ಚಿಗುರಿದ ಹುರುಪಿನಲ್ಲಿ ಕೊಲ್ಲಾಪುರದಿಂದ ಆ ಕಾರು ತಂದಿದ್ದ. ಎರಡು ರೇಸು ಓಡಿಸಿ ಎರಡರಲ್ಲೂ ಎಲ್ಲರಿಗಿಂತ ಹಿಂದೆ ಬಂದಿದ್ದ. ಮದುವೆಯಾದದ್ದೇ ಅದನ್ನು ಅರಳೆ ಗೋದಾಮಿನ ಮೂಲೆಗೆ ನಿಲ್ಲಿಸಿದವನು ಹನ್ನೊಂದು ವರ್ಷ ಆ ಕಡೆ ಹಾಯಲಿಲ್ಲ. ಕಾರು ಮಲಗಿದಾಗ ಊರು ಧಾರವಾಡ ಜಿಲ್ಲೆಯಲ್ಲಿತ್ತು. ಏಳಿಸುವ ಹೊತ್ತಿಗೆ ಗದಗವೇ ಜಿಲ್ಲೆಯಾಗಿ ಆರೇಳು ವರ್ಷ ಕಳೆದಿತ್ತು. ಈಗೇಕೆ ಏಳಿಸುವುದೆಂದರೆ, ಶಿಗ್ಲಿಯಲ್ಲಿರುವ ಅವನ ಮಾವ ಹನಮಪ್ಪ ಹಬ್ಬಕ್ಕೊಮ್ಮೆ ಬೀಗರೆಲ್ಲರ ಮುಂದೆ ಒಂದೇ ಮಾತಾಡುತ್ತಿದ್ದ: “ನಮ್ಮ ಅಳಿಯಂದ್ರ ಕಾರು ಫೋಟೊದಾಗ ಭಾಳ ಜೋರ ಓಡತೈತಿ.”

“ಕಾಕಾ, ಬರೋ ಐತವಾರ ಇದನ್ನ ನಾ ಶಿಗ್ಲಿಗೆ ಒಯ್ಯಬೇಕು,” ಎಂದ ಭೀಮೇಶ.

“ಶಿಗ್ಲಿ ಏನ್ ಬಂತೋ ತಮ್ಮಾ, ದಿಲ್ಲಿಗೆ ಒಯ್ಯಿ,” ಎಂದ ದಾದಾಪೀರ.

ಗೋದಾಮಿನಲ್ಲೇ ದಾದಾಪೀರ ಪೆಟ್ರೋಲ್ ಟಾಕಿಯ ತಳದ ನಟ್ಟು ಬಿಚ್ಚಿದಾಗ ಬಂದದ್ದು ಪೆಟ್ರೋಲಲ್ಲ, ಹಳಸಿದ ವಾರ್ನಿಶ್ಶಿನಂಥ ಕಂದು ರಸ. ಅದರ ನಾತಕ್ಕೆ ಗೋದಾಮಿನ ಹೆಗ್ಗಣಗಳು ಮಕ್ಕಳು ಮರಿ ಕಟ್ಟಿಕೊಂಡು ವಲಸೆ ಹೋದವು. ಹೊಸ ಪೆಟ್ರೋಲು ಹಾಕಿದ. ಕಾರ್ಬೊರೇಟರ್ ಬಿಚ್ಚಿ, ಸಣ್ಣ ತೂತುಗಳನ್ನೆಲ್ಲ ಊದಿ ತೊಳೆದ. ಬ್ಯಾಟರಿ ಕೂಡಿಸಿ ಕೀಲಿ ತಿರುವಿದರೆ ಕಾರು ಹೂಂಕರಿಸಿದ ಅಬ್ಬರಕ್ಕೆ ತಗಡಿನ ಮೇಲಿನ ಪಾರಿವಾಳಗಳು ಬಿಂಕದಕಟ್ಟಿಯ ದಿಕ್ಕಿಗೆ ಹಾರಿದವು. ಭೀಮೇಶ ಸ್ಟೇರಿಂಗ್ ಹಿಡಿದ, ದಾದಾಪೀರ ಪಕ್ಕದಲ್ಲಿ ಎದೆ ಉಬ್ಬಿಸಿ ಕೂತ. ಗಾಡಿ ಊರು ಸೀಳಿಕೊಂಡು ಮುಳಗುಂದ ನಾಕಾಕ್ಕೆ ಬಂತು. ಅಲ್ಲಿ ಶೇಖವ್ವನ ಚಹಾದ ಅಂಗಡಿಯ ಮುಂದೆ ಎರಡು ಸಲ ಬಿಕ್ಕಿ, ಒಂದು ಸಲ ತೇಗಿ, ನಿಂತುಬಿಟ್ಟಿತು.

ನಿಲ್ಲಲು ಬೇರೆ ಜಾಗವೇ ಇರಲಿಲ್ಲವೇ! ಶೇಖವ್ವನ ಅಂಗಡಿಯ ಎದುರಿಗೇ ನಿಜಾಮುದ್ದೀನನ ಗ್ಯಾರೇಜು. ದಾದಾಪೀರನಿಗೂ ಅವನಿಗೂ ಮೂವತ್ತು ವರ್ಷದಿಂದ ಹಾವು ಮುಂಗುಸಿಯ ಪ್ರೀತಿ.

“ಏನ್ ಹಕೀಮ್‌ಸಾಬ್ರ, ನಿಮ್ಮ ಪೇಶಂಟು ನಮ್ಮ ದವಾಖಾನಿ ಹುಡಿಕ್ಕೊಂಡು ಬಂತಲ್ಲ!” ಎಂದು ನಿಜಾಮುದ್ದೀನ ಕೈಯಲ್ಲಿನ ನಟ್ಟು ತಿರುವುವ ಪಾನಾ ಆಡಿಸುತ್ತ ನಕ್ಕ.

“ಚಹಾ ಕುಡ್ಯಾಕ ನಿಂತೈತಿ, ನಿನ್ನ ಮಾರಿ ನೋಡಾಕಲ್ಲ,” ಎಂದ ದಾದಾಪೀರ. ನಿಜವಾಗಿ ಚಹಾ ಕುಡಿದ. ಕಾಲು ತಾಸಾದ ಮೇಲೆ ಕೀಲಿ ತಿರುವಿದರೆ ಕಾರು ಏನೂ ಆಗದವರಂತೆ ಎದ್ದು ಓಡಿತು. ತಿರುಗಿ ಫ್ಯಾಕ್ಟರಿಯ ಗೇಟಿಗೆ ಬಂದು, ಮತ್ತೆ ಬಿಕ್ಕಿ, ತೇಗಿ, ಸತ್ತಿತು.

“ಪೈಪಿನಾಗ ಗಾಳಿ ಹೊಕ್ಕೈತಿ,” ಎಂದು ದಾದಾಪೀರ ತೀರ್ಪು ಕೊಟ್ಟ. ಡೀಸೆಲ್ ಪಂಪ್‌ಸೆಟ್ಟಿನ ನೂರು ರೋಗಗಳಲ್ಲಿ ತೊಂಬತ್ತು ಗಾಳಿಯವೇ. ಅದೇ ಅಭ್ಯಾಸದಲ್ಲಿ ಪೈಪಿನ ಜೋಡಣೆ ಸಡಿಲಿಸಿ ಗಾಳಿ ಬಿಡಲು ಹೋದ. ಗಾಳಿ ಬರಲಿಲ್ಲ, ಪೆಟ್ರೋಲು ಸಿಡಿದು ಮೀಸೆ ತೊಳೆಯಿತು. ಮೀಸೆಗೆ ಬೆಂಕಿ ಹತ್ತೀತೆಂದು ಎರಡು ದಿನ ಮನೆಯಲ್ಲಿ ಅವನನ್ನು ಒಲೆಯ ಹತ್ತಿರ ಯಾರೂ ಬಿಡಲಿಲ್ಲ.

ಮಂಗಳವಾರ ಟಾಕಿಯ ಮುಚ್ಚಳ ಸಡಿಲಿಸಿ ನೋಡಿದ. ಮುಚ್ಚಳದ ತೂತು ಕಟ್ಟಿಕೊಂಡು ಒಳಗೆ ಗಾಳಿ ಹೋಗದಿದ್ದರೂ ಪೆಟ್ರೋಲು ಇಳಿಯುವುದಿಲ್ಲ, ಒಂದೇ ತೂತು ಕೊರೆದ ಎಣ್ಣೆ ಡಬ್ಬಿಯ ಹಾಗೆ. ಕಾರು ಓಡಿತು, ಶೇಖವ್ವನ ಅಂಗಡಿಯ ಮುಂದೆ ನಿಂತಿತು. ಬುಧವಾರ ರಬ್ಬರ್ ಪೈಪು ಬದಲಿಸಿದ. ಅಂಗಡಿಯ ಮುಂದೆ ನಿಂತಿತು. ಗುರುವಾರ ಟಾಕಿಯ ಬಳಿ ಇದ್ದ ಕರೆಂಟಿನ ಪಂಪನ್ನೇ ಹೊಸದು ಹಾಕಿ, ಅದರ ಹಿಂದಿನ ಪೆಟ್ರೋಲು ಸೋಸುವ ಜಾಳಿಗೆಯಲ್ಲಿ ಸಿಕ್ಕಿದ ಹಳದಿ ರವೆಯಂಥದ್ದನ್ನು ಅಂಗಿಯ ಚುಂಗಿಗೆ ಒರೆಸಿದ. “ಇಲಿ ಜ್ವಾಳದ ನುಚ್ಚು ತಂದ ಹಾಕ್ಯಾವ,” ಎಂದ. ಅಂದೂ ಅಷ್ಟೇ. ನಿಲ್ಲುವ ಮೊದಲು ಪಂಪು, ಎಳನೀರಿನ ಕೊನೆಯ ಗುಟುಕನ್ನು ಕೊಳವೆಯಲ್ಲಿ ಎಳೆದ ಹಾಗೆ ಗೊರ್ರೆಂದು ಅಳುತ್ತಿತ್ತು. ಸಾಯುವ ರೋಗಿಯೂ ಇಷ್ಟು ಗೊತ್ತಾದ ವೇಳೆಗೆ ಸಾಯುವುದಿಲ್ಲ.

ನಾಕಾದಲ್ಲಿ ಜನ ಕೂಡತೊಡಗಿದರು. ಶೇಖವ್ವ ಜನ ಕೂರಲು ಎರಡು ಹೊಸ ಬಾಕು ಹಾಕಿಸಿ, ಮಿರ್ಚಿ ಭಜಿ ಶುರು ಮಾಡಿದಳು.

“ದಾದಾಣ್ಣಾ, ನಾಳಿ ಎಷ್ಟ ಗಂಟೆಕ್ಕ ಕೆಡತೈತಿ, ಮೊದ್ಲ ಹೇಳ್ರಿ. ಎಣ್ಣಿ ಕಾಸಿ ಇಡ್ತೀನಿ.”

ಭಜಿ ತಿನ್ನುತ್ತಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಜಾಮುದ್ದೀನನಂತೂ ನೆಲಕ್ಕೇ ಕೂತ. ದಾದಾಪೀರನ ತಲೆಗೆ ಪಿತ್ತ ಏರಿತು.

“ಕೇಳ್ರಿ ಎಲ್ಲಾರೂ! ಐತವಾರ ಈ ಗಾಡಿ ಎಲ್ಲೂ ನಿಂದರದ ಶಿಗ್ಲಿ ಮುಟ್ಟಲಿಲ್ಲಂದ್ರ, ಇಂಜನ್ ಹಕೀಮ ಅನ್ನೋ ಬೋರ್ಡ್ ನನ್ನ ಕೈಯಾರ ಬಿಚ್ಚಿ ತಂದು, ಈ ನಿಜಾಮನ ಬಾಗಿಲಿಗೆ ಮೊಳಿ ಹೊಡದು ಹೋಗ್ತೀನಿ!”

“ಮೊಳಿ ನಂದ ಇರಲಿ,” ಎಂದ ನಿಜಾಮುದ್ದೀನ.

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆ ದಾದಾಪೀರ ಲೆಕ್ಕ ಹಾಕಿದ. ಆ ಬೋರ್ಡು ಇಳಿದರೆ ಊರಲ್ಲಿ ತಾನು ಯಾರು? ಬರೀ ಎಣ್ಣೆಯ ಕೈಯ ಒಬ್ಬ ಮುದುಕ.

ಶುಕ್ರವಾರ ಮಧ್ಯಾಹ್ನ ಒಂದು ದೊಡ್ಡ ಬಾಟಲಿಗೆ ಪೆಟ್ರೋಲು ತುಂಬಿ, ಕಾರಿನ ನೆತ್ತಿಗೆ ಕಟ್ಟಿ, ಸಲಾಯಿನ್ ಹಚ್ಚಿದಂತೆ ಒಂದು ನಳಿಕೆಯನ್ನು ನೇರ ಕಾರ್ಬೊರೇಟರಿಗೆ ಇಳಿಸಿದ. ಈ ಸಲ ಕಾರು ಶೇಖವ್ವನ ಅಂಗಡಿ ದಾಟಿ, ಬಾಟಲಿ ಬರಿದಾಗುವವರೆಗೂ ಓಡಿತು. ಶೇಖವ್ವ ಭಜಿ ಎತ್ತುವ ಝಾರಿ ಹಿಡಿದುಕೊಂಡು, ಮಗಳನ್ನು ಗಂಡನ ಮನೆಗೆ ಕಳಿಸಿದವಳ ಹಾಗೆ ನೋಡುತ್ತ ನಿಂತಳು. ಅಲ್ಲಿಗೆ ಒಂದು ಖಾತ್ರಿಯಾಯಿತು: ಇಂಜನ್ನು, ಕಾರ್ಬೊರೇಟರ್ ಗಟ್ಟಿಯಿವೆ, ರೋಗ ಹಿಂದಿದೆ. ಆದರೆ ಹಿಂದೆ ಪೈಪು ಹೊಸದು, ಪಂಪು ಹೊಸದು. ಇನ್ನುಳಿದದ್ದು ಟಾಕಿ.

“ಟಾಕಿ ಬಿಚ್ಚಿ ನೋಡೂಣೇನ್ರಿ ಕಾಕಾ?” ಎಂದ ಭೀಮೇಶ.

“ಟಾಕಿ ಅಂದ್ರ ಖಾಲಿ ಡಬ್ಬಿ. ಡಬ್ಬ್ಯಾಗ ಏನ್ ಕೆಡತೈತಿ?” ಎಂದು ದಾದಾಪೀರ ಗದರಿದ. ನಲವತ್ತು ವರ್ಷ ಪಂಪ್‌ಸೆಟ್ಟಿನ ಟಾಕಿ ನೋಡಿದವನಿಗೆ ಈ ಟಾಕಿಯ ನೆತ್ತಿಗಿದ್ದ ದೊಡ್ಡ ಮುಚ್ಚಳದ ಇಪ್ಪತ್ತನಾಲ್ಕು ಬೋಲ್ಟು ಬಿಚ್ಚುವುದು ಮಾನ ಕಳೆದುಕೊಳ್ಳುವ ಕೆಲಸವಾಗಿ ಕಂಡಿತು.

ಶನಿವಾರ ಬೆಳಿಗ್ಗೆ ಅವನ ಹೆಂಡತಿ ರಹಿಮತಬಿ ಬಟ್ಟೆ ಒಗೆಯಲು ಕೂತಳು. ಅವಳು ನದಾಫರ ಮನೆಯ ಮಗಳು. ಅಪ್ಪ, ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿದವರು, ಅಣ್ಣಂದಿರು ಈಗ ಸ್ಪಂಜಿನ ಗಾದಿಯನ್ನೂ ಮಾಡುವವರು. ಗಂಡನ ಅಂಗಿಯ ಚುಂಗಿನಲ್ಲಿ ಹಳದಿ ರವೆ ಅಂಟಿದ್ದನ್ನು ನೋಡಿದಳು. ಬೆರಳಲ್ಲಿ ತಿಕ್ಕಿದಳು. ಮೂಸಿದಳು. ಅವಳ ಮುಖ ಕೆಂಪಾಯಿತು.

“ಏನ್ರೀ, ಇಲ್ಲಿ ಬರ್ರಿ. ಯಾರ ಗಾದಿ ಮ್ಯಾಲೆ ಮಲಗಿ ಬಂದೀರಿ?”

ದಾದಾಪೀರ ಬಾಯಲ್ಲಿದ್ದ ರೊಟ್ಟಿ ನುಂಗುವುದನ್ನು ಮರೆತ.

“ಗಾದಿ? ಯಾ ಗಾದಿ?”

“ನನಗ ಕಲಿಸಬ್ಯಾಡ್ರಿ. ನಾ ಹುಟ್ಟಿದ್ದ ಗಾದಿ ಅಂಗಡ್ಯಾಗ. ಇದು ಹತ್ತು ವರ್ಷ ಹಳೀ ಸ್ಪಂಜು, ಹಿಂಗ ಮುಟ್ಟಿದ್ರ ರವಾ ಆಗಿ ಉದರತೈತಿ. ನಮ್ಮ ಮನ್ಯಾಗ ಹತ್ತೀ ಗಾದಿ ಐತಿ. ಇದು ಯಾರ ಮನೀದು? ವಾರದಿಂದ ಮುಳಗುಂದ ನಾಕಾ, ಮುಳಗುಂದ ನಾಕಾ ಅಂತ ಕುಣೀತೀರಿ, ಯಾರ ಅದಾರಲ್ಲಿ?”

“ಅಲ್ಲಾನ ಆಣಿ, ಅದು ಕಾರಿನ ಜಾಳಿಗ್ಯಾಗ ಸಿಕ್ಕದ್ದು!”

“ಕಾರಿಗೆ ಗಾದಿ ಯಾರ ಹಾಸ್ತಾರ್ರಿ? ಸುಳ್ಳ ಹೇಳಿದ್ರೂ ಒಂದು ಹದಾ ಇರಬೇಕು.”

“ಹಂಗಾರ ನೀನ ಬಂದು ನೋಡು!”

ಸೆರಗು ಸುತ್ತಿಕೊಂಡು ಅವಳು ಗೋದಾಮಿಗೆ ಹೊರಟೇ ಬಿಟ್ಟಳು. ಬೋರ್ಡಿಗಿಂತ ದೊಡ್ಡದೊಂದು ಮಾನ ಈಗ ಪಣಕ್ಕಿತ್ತು. ದಾದಾಪೀರ ಇಪ್ಪತ್ತನಾಲ್ಕು ಬೋಲ್ಟನ್ನೂ ಉಸಿರು ಬಿಡದೆ ಬಿಚ್ಚಿದ. ಮುಚ್ಚಳ ಎತ್ತಿದರೆ, ಟಾಕಿಯ ತುಂಬ ಅಂಚಿನಿಂದ ಅಂಚಿಗೆ ಹಳದಿ ಸ್ಪಂಜು! ರಹಿಮತಬಿ ಒಂದು ಬೆರಳು ಚುಚ್ಚಿದಳು. ಪಾಕ ಸರಿಯಾಗಿ ಬಾರದ ಬೇಸನ್ ಉಂಡಿಯ ಹಾಗೆ ಪುಡಿಪುಡಿಯಾಗಿ ಕುಸಿಯಿತು.

ಭೀಮೇಶ ಹಣೆ ಬಡಿದುಕೊಂಡ. “ಕೊಲ್ಲಾಪುರದಾಂವ ಹೇಳಿದ್ದ, ಕಾಕಾ! ತಿರುವಿನ್ಯಾಗ ಪೆಟ್ರೋಲು ತುಳುಕಬಾರದಂತ ಒಳಗ ಏನೋ ತುಂಬೇವಿ ಅಂದಿದ್ದ. ಮರತ ಬಿಟ್ಟಿದ್ದೆ.”

ಈಗ ಎಲ್ಲ ತಿಳಿಯಾಯಿತು. ಪಂಪು ಎಳೆದಂತೆಲ್ಲ ಆ ರವೆ ಟಾಕಿಯೊಳಗಿನ ಕೊಳವೆಯ ಬಾಯಿಗೆ ಹೋಗಿ ಮೆತ್ತಿಕೊಳ್ಳುತ್ತಿತ್ತು. ಕಾರು ನಿಂತು ಕಾಲು ತಾಸಾದರೆ ಉದುರಿ ತಳಕ್ಕೆ ಇಳಿಯುತ್ತಿತ್ತು. ಮತ್ತೆ ಐದು ನಿಮಿಷದ ಓಟ, ಮತ್ತೆ ಶೇಖವ್ವನ ಅಂಗಡಿ.

“ನಮ್ಮ ಅಣ್ಣಗ ಹೇಳಿ ಹೊಸಾ ಸ್ಪಂಜು ತುಂಬಸ್ಲೇನ್ರಿ?” ಎಂದಳು ರಹಿಮತಬಿ. ಅವಳ ದನಿ ಈಗ ಬೆಣ್ಣೆಯಾಗಿತ್ತು.

“ಸ್ಪಂಜ್ಯಾಕ, ನಮ್ಮ ಗೋದಾಮಿನ ಒಂದ ನಂಬರ್ ಅರಳಿ ಐತಲ್ಲ, ತುಂಬೂಣು!” ಎಂದ ಭೀಮೇಶ.

ದಾದಾಪೀರ ಹೂಂ ಎನ್ನುವವನಿದ್ದ. ರಹಿಮತಬಿಯೇ ತಡೆದಳು. ಒಂದು ಗ್ಲಾಸಿನಲ್ಲಿ ಪೆಟ್ರೋಲು ಹಾಕಿಸಿ, ಒಂದು ಚೂರು ಗಾದಿಯ ಸ್ಪಂಜು, ಒಂದು ಹಿಡಿ ಅರಳೆ ಬಿಟ್ಟು ಸಂಜೆಯವರೆಗೆ ಇಟ್ಟಳು. ಸ್ಪಂಜು ಇಡ್ಲಿಯಂತೆ ಉಬ್ಬಿತು. ಅರಳೆ ಎಳೆಯೆಳೆಯಾಗಿ ಬಿಚ್ಚಿಕೊಂಡು ತೇಲಿತು. ಎರಡೂ ಬೇಡವೆಂದಾಯಿತು. ದಾದಾಪೀರ ಟಾಕಿಯನ್ನು ಇಳಿಸಿ ಮೂರು ಸಲ ತೊಳೆದು, ಖಾಲಿಯೇ ಕೂಡಿಸಿ, ಕಂಠಮಟ ಪೆಟ್ರೋಲು ತುಂಬಿಸಿದ. ತುಂಬಿದ ಕೊಡ ತುಳುಕುವುದಿಲ್ಲ. ತಿರುವಿನಲ್ಲಿ ಭೀಮೇಶ ಹಗುರಾಗಿ ಹೋದರಾಯಿತು. ಹೇಗೂ ಎರಡು ರೇಸಿನಲ್ಲಿ ಅವನು ಹಗುರಾಗಿಯೇ ಹೋಗಿದ್ದ.

ಐತವಾರ ನಾಕಾದಲ್ಲಿ ಭಜಿಯ ಕಡಾಯಿ ಕಾದಿತ್ತು, ಬಾಕು ತುಂಬಿದ್ದವು. ನಿಜಾಮುದ್ದೀನ ಕಿಸೆಯಲ್ಲಿ ಮೊಳೆ ಇಟ್ಟುಕೊಂಡು ಮೋಟರ್‌ಸೈಕಲ್ಲಿನ ಮೇಲೆ ಸಾಕ್ಷಿಯಾಗಿ ಕೂತಿದ್ದ. ಭೀಮೇಶ, ದಾದಾಪೀರ ಕೂತ ಕಾರು ಬಂತು. ಶೇಖವ್ವನ ಅಂಗಡಿಯ ಮುಂದೆ ಬಿಕ್ಕಲಿಲ್ಲ, ತೇಗಲಿಲ್ಲ, ಧೂಳೆಬ್ಬಿಸಿ ದಾಟಿತು. ಮುಳಗುಂದ ದಾಟಿತು, ಲಕ್ಷ್ಮೇಶ್ವರ ದಾಟಿತು, ಹನಮಪ್ಪನ ಮನೆಯ ಕಟ್ಟೆಯ ಮುಂದೆ ಭೀಮೇಶನೇ ನಿಲ್ಲಿಸಿದಾಗ ಮಾತ್ರ ನಿಂತಿತು. ಹಿಂದೆಯೇ ನಿಜಾಮುದ್ದೀನ, ಮೈಯೆಲ್ಲ ಎರೆಮಣ್ಣಿನ ಧೂಳು ಹೊತ್ತು ಬಂದಿಳಿದ.

ಹನಮಪ್ಪ ಕಾರನ್ನು ಮೂರು ಸುತ್ತು ಹಾಕಿದ. “ಫೋಟೊದಾಗ ಇಷ್ಟ ಸಪ್ಪಳ ಇರಲಿಲ್ಲ ಬಿಡ್ರಿ,” ಎಂದ. ಅಳಿಯನಿಗೆ ಅಷ್ಟೇ ಸಾಕಾಗಿತ್ತು. “ಇದನ್ನ ರಿಪೇರಿ ಮಾಡಿದ ಶಾಣ್ಯಾ ಯಾರು?”

“ನಾನ,” ಎನ್ನಲು ದಾದಾಪೀರ ಬಾಯಿ ತೆರೆದ. ನಿಜಾಮುದ್ದೀನ ನೋಡುತ್ತಿದ್ದ, ಅವನಿಗೇನೂ ಗೊತ್ತಿರಲಿಲ್ಲ. ಬೋರ್ಡು ಉಳಿದಿತ್ತು. ಆದರೆ ಹಕೀಮ ಅನ್ನಿಸಿಕೊಂಡವನು ಇನ್ನೊಬ್ಬರು ಹಿಡಿದ ನಾಡಿಯನ್ನು ತನ್ನದೆಂದರೆ ಅದು ಯಾವ ಹಕೀಮಿಕೆ?

“ಔಷಧ ಕೊಟ್ಟಾಂವ ನಾನು,” ಎಂದ ಕಷ್ಟಪಟ್ಟು. “ರೋಗ ಹಿಡದಾಕಿ ನಮ್ಮ ಮನಿಯಾಕಿ. ಅಂಗಿ ಒಗಿಯುವಾಗ.”

ಸ್ಪಂಜಿನ ಕಥೆಯೆಲ್ಲ ಹೊರಬಿತ್ತು, ಪರಸ್ತ್ರೀಯ ಗಾದಿಯ ಗುಮಾನಿಯೂ ಸೇರಿ. ನಿಜಾಮುದ್ದೀನ ನಕ್ಕು ನಕ್ಕು ಮೊಳೆಯನ್ನು ಹೊಲಕ್ಕೆಸೆದ. “ನಿನ್ನ ಬೋರ್ಡ್ ನೀನ ಇಟಗೋ ಮಾರಾಯಾ. ಹೆಂಡ್ತಿ ಮುಂದ ಸೋತ ಹಕೀಮನ ಬೋರ್ಡ್ ಹಚ್ಚಿಕೊಂಡ್ರ, ನನ್ನ ಮನಿಯಾಕಿನೂ ನಾಳಿಂದ ಗ್ಯಾರೇಜಿಗೆ ಬರ್ತಾಳ.”

ಹನಮಪ್ಪ ಮಾತ್ರ ನಗಲಿಲ್ಲ. ಅವನು ಬೇರೆಯೇ ಲೆಕ್ಕದಲ್ಲಿದ್ದ. “ಅಷ್ಟು ಶಾಣ್ಯಾಕಿ ಅಂದ್ರ, ನಮ್ಮ ಮನ್ಯಾಗ ಗಂಟು ಕಟ್ಟಿದ ಗಾದಿ ನಾಕ ಅದಾವು. ಬೆನ್ನಿಗೆ ಭಾಳ ತ್ರಾಸು. ಒಯ್ದು ಆಕಿ ಕೈಯಾಗ ಕೊಡ್ರಿ.”

ಅಳಿಯ ಬೇಡವೆನ್ನುವ ಮೊದಲೇ ಆಳುಗಳು ಹಗ್ಗ ತಂದರು. ಸಂಜೆ ಬಿಸಿಲಿನಲ್ಲಿ ಆ ರೇಸ್ ಕಾರು ನೆತ್ತಿಯ ಮೇಲೆ ನಾಲ್ಕು ಗಾದಿ ಹೊತ್ತುಕೊಂಡು, ಸುಗ್ಗಿಯ ಮೇವಿನ ಬಂಡಿಯಂತೆ ಓಲಾಡುತ್ತ ಗದಗಿನ ದಾರಿ ಹಿಡಿಯಿತು. ಒಳಗೆ ದಾದಾಪೀರ ಕಿಟಕಿಯಿಂದ ಕೈ ಹೊರಹಾಕಿ, ಮೇಲಿನ ಗಾದಿ ಹಾರದಂತೆ ಗಟ್ಟಿಯಾಗಿ ಹಿಡಿದು ಕೂತಿದ್ದ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ: ಶಿಗ್ಲಿಯ ಯಾರದೋ ಗಾದಿ ಮನೆಯೊಳಗೆ ಹೊತ್ತು ತರುವಾಗ ರಹಿಮತಬಿಗೆ ಮೊದಲು ಯಾವ ಮಾತು ಹೇಳಬೇಕು?