ಊಟದ ಹೊತ್ತಿನ ಹೊಟ್ಟೆನೋವು

ಕಾಮೋಠೆಯಲ್ಲಿ ನಮ್ಮ ಪಕ್ಕದ ಫ್ಲಾಟಿನವರು ಓಮ ಕುದಿಸುತ್ತಿದ್ದಾರೆ. ವಾಸನೆ ಕಿಟಕಿ ದಾಟಿ ಬಂದದ್ದೇ ತಡ, ನನಗೆ ನಾನು ಬೆಳೆದ ಕೋಪರಿ ನೆನಪಾಯಿತು. ನಿಮಗೂ ಇಂಥದೊಂದು ವಾಸನೆ ಇರಬಹುದು.

ಕೋಪರಿಯಲ್ಲಿ ದೊಡ್ಡಪ್ಪನ ಹೋಟೆಲು. ಅದರ ಮಾಳಿಗೆಯಲ್ಲಿ ನಮ್ಮ ಸಂಸಾರ. ಇಳಿಯುವ ಮೆಟ್ಟಿಲು ಊಟದ ಮೇಜುಗಳ ನಡುವೆಯೇ ಬಂದು ಮುಗಿಯುತ್ತಿತ್ತು. ಚಿಕ್ಕಂದಿನಿಂದ ನನಗೆ ಆಗಾಗ ಹೊಟ್ಟೆನೋವು, ವಾಂತಿ. ಪರೀಕ್ಷೆಯ ಹೆದರಿಕೆ ಎನ್ನುತ್ತಿದ್ದರು. ಎಂ.ಎ. ಮುಗಿದ ಮೇಲೂ ನೋವು ಬಂದಾಗ, ಅದು ಯಾವ ಪರೀಕ್ಷೆ ಎಂದು ಯಾರೂ ಹೇಳಲಿಲ್ಲ. ಓಮದ ನೀರು ಕುಡಿಸಿ ಬಾಗಿಲು ಹಾಕುತ್ತಿದ್ದರು. ಹೋಟೆಲಿನವರ ಮನೆಯಲ್ಲಿ ಜ್ವರ ಬರಬಹುದು, ಕಾಲು ಮುರಿಯಬಹುದು. ವಾಂತಿ ಮಾತ್ರ ಕೂಡದು. ಸಾಂಬಾರಿನ ಮೇಲೆ ಅನುಮಾನ ಬರುತ್ತದೆ.

ಒಂದು ಮಧ್ಯಾಹ್ನ ಬಂದ ನೋವು ಬೇರೆಯೇ ಥರದ್ದು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಆಸ್ಪತ್ರೆಗೆ ಹೋಗೋಣ ಎಂದೆ. ಕೆಳಗೆ ಊಟದ ರಶ್ಶು. ದೊಡ್ಡಪ್ಪ ಕೆಟ್ಟವರಲ್ಲ, ನನ್ನನ್ನು ಓದಿಸಿದವರೇ ಅವರು. ಗಲ್ಲಾಗೆ ಮರಳುವ ಮೊದಲು ತಲೆ ಸವರಿ ಹೇಳಿದರು:

"ಸ್ವಲ್ಪ ತಡಿ ಮಗಾ, ಗಿರಾಕಿಗಳು ಹೋಗ್ಲಿ. ಹೋಟೆಲಿನವರ ಹುಡುಗಿಯೇ ವಾಂತಿ ಮಾಡ್ತಾಳೆ ಅಂತಾದ್ರೆ ನಾಳೆ ಯಾರು ಬರ್ತಾರೆ?"

"ಅವರು ಹೋಗುವ ಮೊದಲು ನಾನೇ ಹೋಗ್ತೇನೆ ದೊಡ್ಡಪ್ಪ."

ಹೀಗೆ ಹೇಳಿದೆನೋ, ಆಮೇಲೆ ಹೊಳೆದದ್ದನ್ನು ಅಲ್ಲಿಗೆ ಸೇರಿಸಿಕೊಂಡೆನೋ, ಆಣೆ ಮಾಡಲಾರೆ. ನಾನು ಬಾಯಿ ಬಿಡದೆ ಎದ್ದು ಹೊರಟೆನೆಂದು ಅಮ್ಮ ಹೇಳುತ್ತಾಳೆ. ಮೆಟ್ಟಿಲನ್ನು ಕೂತು ಕೂತು ಇಳಿದದ್ದು ಮಾತ್ರ ನಿಜ. ಗಲ್ಲಾದ ಎದುರು, ಎಲ್ಲರ ಕಣ್ಣೆದುರು, ಹಸಿರಾಗಿ ವಾಂತಿಯಾದದ್ದೂ ನಿಜ. ತಟ್ಟೆಗಳ ಸದ್ದು ನಿಂತಿತು. ಉಣ್ಣುತ್ತಿದ್ದ ರಿಕ್ಷಾದವನೊಬ್ಬ ಎಂಜಲು ಕೈಯಲ್ಲೇ ಎದ್ದು, "ಚಲಾ ತಾಈ," ನಡಿ ಅಕ್ಕಾ, ಎಂದು ಮರಾಠಿಯಲ್ಲಿ ಎನ್ನುತ್ತ ಹೊರಗೆ ನಿಲ್ಲಿಸಿದ್ದ ತನ್ನ ರಿಕ್ಷಾದತ್ತ ನಡೆದ. ದೊಡ್ಡಪ್ಪ ಗಲ್ಲಾ ಬಿಟ್ಟು ಓಡಿಬಂದು ರಿಕ್ಷಾದಲ್ಲಿ ನನ್ನ ಪಕ್ಕ ಕೂತರು.

ಹೊಟ್ಟೆ ಕೊಯ್ದ ಡಾಕ್ಟರು ಆಮೇಲೆ ವಿವರಿಸಿದರು. ಗರ್ಭದಲ್ಲಿರುವಾಗ ಕರುಳು ತಿರುಗಿ ತನ್ನ ಜಾಗ ಸೇರಬೇಕಂತೆ. ನನ್ನದು ಅರ್ಧಕ್ಕೇ ನಿಂತಿತ್ತು. ಸಣ್ಣ ಬುಡದಲ್ಲಿ ಜೋಲುತ್ತಿದ್ದದ್ದು ಅಂದು ಸುರುಳಿ ಸುತ್ತಿ, ರಕ್ತ ಹರಿಯದೆ ಕಪ್ಪಾಗತೊಡಗಿತ್ತು. ಇನ್ನಷ್ಟು ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲ. ಸುರುಳಿ ಬಿಡಿಸಿ, ಬಣ್ಣ ಮರಳುವವರೆಗೆ ಕಾದು, ಸಣ್ಣಕರುಳನ್ನು ಬಲಕ್ಕೂ ದೊಡ್ಡಕರುಳನ್ನು ಎಡಕ್ಕೂ ಇಟ್ಟರಂತೆ. ಎಲ್ಲರಿಗಿರುವ ಹಾಗೆ ಯಾಕೆ ಇಡಲಿಲ್ಲ ಎಂದು ಅಮ್ಮ ಕೇಳಿದಳು. ಇವಳಿಗೆ ಹೀಗೇ ಕ್ಷೇಮ ಎಂದರು. ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅಲ್ಲಿಯವರೆಗೆ ಯಾರೂ ಆಡಿರಲಿಲ್ಲ.

ಮರುದಿನ ಗಿರಾಕಿಗಳು ಬಂದರು. ಹುಡುಗಿ ಹೇಗಿದ್ದಾಳೆ ಎಂದು ಕೇಳಿಯೇ ಊಟಕ್ಕೆ ಕೂತರಂತೆ. ಅವರು ಬಾರದೇ ಹೋಗಿದ್ದರೂ ನಾನು ಇಳಿದದ್ದು ಸರಿಯೇ.

ಹೋದ ಭಾನುವಾರ ಡೊಂಬಿವಲಿಯ ಗೃಹಪ್ರವೇಶದ ಊಟದಲ್ಲಿ ಹೊಟ್ಟೆ ಹಿಡಿಯಿತು. ಪಂಕ್ತಿಯ ನಡುವೆ ಏಳಬಾರದು ಎಂದು ಪಕ್ಕದ ಹೆಂಗಸು ಪಿಸುಗುಟ್ಟಿದರು. ಹೊಟ್ಟೆನೋವು ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎದ್ದೆ. ಪಾಯಸ ಬಡಿಸುತ್ತಿದ್ದವರು ಪಾತ್ರೆ ಎತ್ತಿ ಹಿಡಿದು ದಾರಿ ಬಿಟ್ಟರು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಏನೂ ಇಲ್ಲ ಎಂದರು. ಒಳ್ಳೆಯದೇ ಆಯಿತು. ಮುಂದಿನ ಸಲವೂ ಏಳುತ್ತೇನೆ.